ಬೋರ್ಡ್ ಕಟರ್ ಕೊಳ್ಳುವ ಮುನ್ನ ಬೋರ್ಡಿನ ಹಿಂದೆ ಏನಿದೆ ನೋಡಿ

ಮಾನ್ಯ ಸಂಪಾದಕರೇ,

ಹಬ್ಬದ ಸೇಲ್ ಶುರುವಾದರೆ ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಡ್‌ಲೆಸ್ ಉಪಕರಣಗಳದೇ ಮೆರವಣಿಗೆ. ಡ್ರಿಲ್, ಗ್ರೈಂಡರ್‌ಗಳ ಪಕ್ಕದಲ್ಲಿ ಈಚೆಗೆ ‘ಡ್ರೈವಾಲ್ ಕಟರ್’, ‘ಕಟ್-ಔಟ್ ಟೂಲ್’ ಎಂಬ ಹೆಸರುಗಳೂ, ಅಂದರೆ ಜಿಪ್ಸಮ್ ಬೋರ್ಡಿನಲ್ಲಿ ಕಿಂಡಿ ಕೊಯ್ಯುವ ಯಂತ್ರಗಳೂ, ಕಾಣಿಸುತ್ತಿವೆ. ಮನೆಯ ಫಾಲ್ಸ್ ಸೀಲಿಂಗಿಗೆ ನಾಲ್ಕು ಲೈಟ್ ಹೆಚ್ಚಿಗೆ ಹಾಕಬೇಕು, ಜಿಪ್ಸಮ್ ಪಾರ್ಟಿಷನ್‌ನಲ್ಲಿ ಒಂದು ಸ್ವಿಚ್ ಬೋರ್ಡ್ ಕೂರಿಸಬೇಕು ಎನ್ನುವವರು ಇದನ್ನು ಕೊಳ್ಳುವುದೋ ಬೇಡವೋ ಎಂದು ಕೇಳುತ್ತಲೇ ಇರುತ್ತಾರೆ. ಪತ್ರಿಕೆಗಳ ಗೃಹಾಲಂಕಾರ ಪುಟಗಳಲ್ಲಿ ಸೀಲಿಂಗಿನ ಅಂದ ಬರುತ್ತದೆ. ಅದನ್ನು ಹೇಗೆ ಕೊಯ್ಯಬೇಕೆಂಬುದು ಬರುವುದಿಲ್ಲ. ಒಳಾಂಗಣ ಕಾಮಗಾರಿಯಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎರಡು ಅಂಕಿಗಳಿರುತ್ತವೆ: ನಿಮಿಷಕ್ಕೆ ಎಷ್ಟು ಸುತ್ತು, ಬ್ಯಾಟರಿ ಎಷ್ಟು ವೋಲ್ಟ್. ಜನ ಹೋಲಿಸುವುದೂ ಅವೆರಡನ್ನೇ. ಕೆಲಸದಲ್ಲಿ ವ್ಯತ್ಯಾಸ ಮಾಡುವ ಸಂಗತಿಗಳು ಬೇರೆ. ಆಳ ಮೀರದಂತೆ ತಡೆಯುವ ಪಾದ ಬಿಗಿಯಾಗಿ ನಿಲ್ಲುತ್ತದೆಯೇ, ಬಿಟ್, ಅಂದರೆ ತುದಿಗೆ ಸಿಕ್ಕಿಸುವ ಕೊಯ್ಯುವ ಕಡ್ಡಿ, ನಮ್ಮೂರಲ್ಲಿ ಸಿಗುತ್ತದೆಯೇ, ಧೂಳು ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನು ಮೊದಲು ನೋಡಬೇಕು. ಅದಕ್ಕೂ ಮುಂಚೆ, ಈ ಯಂತ್ರ ನಮ್ಮ ಮನೆಗೆ ಬೇಕೇ ಎಂಬ ಪ್ರಶ್ನೆ ಇದೆ.

ಬಹಳ ಮನೆಗಳಿಗೆ ಬೇಕಿಲ್ಲ. ಅಮೆರಿಕದ ಮನೆಗಳಲ್ಲಿ ಒಳಗೋಡೆ ಎಂದರೆ ಮರದ ಅಥವಾ ತಗಡಿನ ಚೌಕಟ್ಟಿಗೆ ಬಡಿದ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಅಲ್ಲಿ ಸ್ವಿಚ್ಚಿನ ಡಬ್ಬಿಗಳನ್ನು ಮೊದಲೇ ಚೌಕಟ್ಟಿಗೆ ಕೂರಿಸಿ, ಅದರ ಮೇಲೆ ಇಡೀ ಹಲಗೆ ಹೊದಿಸಿ, ಆಮೇಲೆ ಹೊರಗಿನಿಂದ ಕುರುಡಾಗಿ ಡಬ್ಬಿಯ ಸುತ್ತ ಕೊಯ್ಯುತ್ತಾರೆ. ಒಂದು ಮನೆಗೆ ಅಂಥ ಹತ್ತಾರು ಕಿಂಡಿ. ಆ ಕೆಲಸಕ್ಕೆಂದೇ ಹುಟ್ಟಿದ ಯಂತ್ರ ಇದು. ವಿಸ್ಕಾನ್ಸಿನ್‌ನಲ್ಲಿ ಶುರುವಾಗಿ ಈಗ ಬಾಷ್ ಒಡೆತನದಲ್ಲಿರುವ ರೋಟೊಜಿಪ್ ಎಂಬ ಹೆಸರೇ ಅಲ್ಲಿ ಈ ಬಗೆಯ ಯಂತ್ರಕ್ಕೆ ಅಡ್ಡಹೆಸರಾಗಿಬಿಟ್ಟಿದೆ. ವಿಡಿಯೊಗಳಲ್ಲಿ ಅದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡುವುದು ಆ ಸಂದರ್ಭದಲ್ಲಿ. ನಮ್ಮಲ್ಲಿ ಒಳಗೋಡೆ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಆಗಿರುತ್ತದೆ. ಹೊಸ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಯೇ ಇರಬಹುದು. ಅದು ಭಾರ ಹೊರುವ ಗೋಡೆ, ಯಾವ ಯಂತ್ರದಿಂದಲೂ ಮನಸ್ಸಿಗೆ ಬಂದಂತೆ ಕೊರೆಯಬಾರದು. ಡ್ರೈವಾಲ್ ಕಟರ್ ಕೊಂಡು ಅದರಿಂದ ಗೋಡೆಯಲ್ಲಿ ಪೈಪು ಹುದುಗಿಸುವ ಕಾಲುವೆ ಕೊರೆಯಬಹುದು ಎಂದುಕೊಂಡವರಿಗೆ ಮೊದಲ ನಿಮಿಷದಲ್ಲೇ ಬಿಟ್ ಸುಟ್ಟು ಕಪ್ಪಾಗುತ್ತದೆ.

ನಿಮ್ಮದು ಯಾವ ಗೋಡೆ ಎಂದು ತಿಳಿಯುವುದು ಸುಲಭ. ಎಂಸಿಬಿ (ಆ ಭಾಗದ ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸಿ, ಸ್ವಿಚ್ ಬೋರ್ಡಿನ ಪ್ಲೇಟು ಬಿಚ್ಚಿ, ಕೊಯ್ದ ಅಂಚು ನೋಡಿ. ಎರಡು ಬದಿಗೆ ಕಾಗದ, ನಡುವೆ ಬಿಳಿ ತಿರುಳು ಕಂಡರೆ ಜಿಪ್ಸಮ್ ಬೋರ್ಡ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 12.5 ಮಿ.ಮೀ. ದಪ್ಪದ, 6 ಅಡಿಗೆ 4 ಅಡಿ ಹಲಗೆ. ಕಾಗದ ಹಸಿರಾಗಿದ್ದರೆ ತೇವ ತಡೆಯುವ ಬಗೆ, ಗುಲಾಬಿಯಾಗಿದ್ದರೆ ಬೆಂಕಿ ತಡೆಯುವ ಬಗೆ. ಬೂದು ಬಣ್ಣದ, ಕಾಗದವಿಲ್ಲದ ಗಟ್ಟಿ ಅಂಚು ಕಂಡರೆ ಅದು ಸಿಮೆಂಟ್ ಫೈಬರ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್; ಅದರ ಮಾತು ಆಮೇಲೆ.

ಕಾರ್ಡ್‌ಲೆಸ್ ಡ್ರೈವಾಲ್ ಕಟರ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಇದು ಗೊತ್ತಿಲ್ಲದೆ ಕೊಂಡು ಪೇಚಾಡುವವರೇ ಹೆಚ್ಚು.

ಮೊದಲನೆಯದು ತಿರುಗುವ ಬಿಟ್ಟಿನ ಕಟ್-ಔಟ್ ಟೂಲ್. ನೋಡಲು ದಪ್ಪ ಟಾರ್ಚಿನಂತಿರುತ್ತದೆ. ತುದಿಯಲ್ಲಿ ಸುಮಾರು 3.2 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗದ ಬಿಟ್. ಡ್ರಿಲ್ ಬಿಟ್ ಮೂತಿಯಿಂದ ಕೊರೆದರೆ ಇದು ಮೈಯಿಂದ ಕೊಯ್ಯುತ್ತದೆ. ಡಿವಾಲ್ಟ್ ಡಿಸಿಎಸ್551 ನಿಮಿಷಕ್ಕೆ 26,000 ಸುತ್ತು, ಮಿಲ್ವಾಕಿಯ ಎಂ18 ಮಾದರಿ 28,000, ಮಕಿಟಾದ ಎಕ್ಸ್‌ಒಸಿ01 30,000. ಎರಡನೆಯದು ಅಲುಗುವ ಬ್ಲೇಡಿನ ಮಲ್ಟಿ-ಟೂಲ್. ಬ್ಲೇಡ್ ಸುತ್ತುವುದಿಲ್ಲ, ಮೂರು-ನಾಲ್ಕು ಡಿಗ್ರಿಯಷ್ಟೇ ಆಚೀಚೆ ನಿಮಿಷಕ್ಕೆ 20,000 ಸಲದವರೆಗೆ ನಡುಗುತ್ತದೆ. ಆಸ್ಪತ್ರೆಯಲ್ಲಿ ಕಾಲಿನ ಪ್ಲಾಸ್ಟರ್ ಕೊಯ್ಯುವ ಗರಗಸದ ವಂಶದ್ದು ಇದು. ಜರ್ಮನಿಯ ಫೈನ್ ಕಂಪನಿ 1967ರಲ್ಲಿ ಮಾಡಿದ್ದು ಅದನ್ನೇ. ಮೂರನೆಯದು ಅಪರೂಪದ್ದು: ಸಣ್ಣ ಗರಗಸದ ಅಲಗು ಹಿಂದೆ ಮುಂದೆ ಆಡುವ, ಧೂಳಿನ ಡಬ್ಬಿ ಮೈಗೇ ಅಂಟಿಕೊಂಡಿರುವ ಯಂತ್ರ. ಮಕಿಟಾದ ಡಿಎಸ್‌ಡಿ180 ಈ ಜಾತಿಯದು. ಅಲಗು ಆಡುವುದು 6 ಮಿ.ಮೀ. ಮಾತ್ರ, ಕೊಯ್ಯುವ ಆಳವನ್ನು 30 ಮಿ.ಮೀ. ತನಕ ಹೊಂದಿಸಬಹುದು. ಜನ ವಾಸವಿರುವ ಮನೆಯ ಸೀಲಿಂಗ್ ಕೊಯ್ಯಲು ಮೂರರಲ್ಲಿ ಹೆಚ್ಚು ಸಭ್ಯವಾದದ್ದು ಇದೇ, ಆದರೆ ನಮ್ಮ ಅಂಗಡಿಗಳಲ್ಲಿ ಕಾಣುವುದು ಕಡಿಮೆ.

ಸುತ್ತಿನ ಅಂಕಿಗೆ ಅರ್ಥವಿಲ್ಲವೆಂದಲ್ಲ. 3.2 ಮಿ.ಮೀ. ಬಿಟ್ 30,000 ಸುತ್ತಿನಲ್ಲಿ ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಓಡುತ್ತದೆ. 26,000 ಸುತ್ತಿನಲ್ಲಿ 4.4 ಮೀಟರ್. ಕೈಯಲ್ಲಿ ಹಿಡಿದವರಿಗೆ ಈ ಎರಡರ ಅಂತರ ಗೊತ್ತಾಗುವುದೇ ಇಲ್ಲ. ಅದೇ ಬಿಟ್ಟನ್ನು 1,500 ಸುತ್ತಿನ ಸಾಮಾನ್ಯ ಕಾರ್ಡ್‌ಲೆಸ್ ಡ್ರಿಲ್ಲಿಗೆ ಸಿಕ್ಕಿಸಿದರೆ ಸೆಕೆಂಡಿಗೆ ಕಾಲು ಮೀಟರ್. ಅಲ್ಲಿ ಅದು ಕೊಯ್ಯದೆ ಕಾಗದವನ್ನು ಹರಿಯುತ್ತದೆ, ಅಡ್ಡ ಒತ್ತಡಕ್ಕೆ ಮುರಿಯುತ್ತದೆ, ಡ್ರಿಲ್ಲಿನ ಬೇರಿಂಗೂ ಹಾಳಾಗುತ್ತದೆ. ‘ಡ್ರಿಲ್ ಇದೆ, ಬಿಟ್ ಒಂದು ತಂದರೆ ಸಾಕು’ ಎಂಬ ಲೆಕ್ಕ ಹಾಗಾಗಿ ನಡೆಯುವುದಿಲ್ಲ. 25,000 ದಾಟಿದ ಮೇಲೆ ಯಾವ ಅಂಕಿಯಾದರೂ ಒಂದೇ. ಹೆಚ್ಚಿನ ಸುತ್ತಿಗೆಂದು ಹೆಚ್ಚು ದುಡ್ಡು ಕೊಡಬೇಡಿ.

ವೋಲ್ಟಿನ ಜಾತ್ರೆಯೂ ಅಷ್ಟೇ. ‘20 ವೋಲ್ಟ್ ಮ್ಯಾಕ್ಸ್’ ಎಂದು ಬರೆದದ್ದೂ ‘18 ವೋಲ್ಟ್’ ಎಂದು ಬರೆದದ್ದೂ ಒಳಗೆ ಅದೇ ಐದು ಲಿಥಿಯಂ ಸೆಲ್ಲುಗಳ ಸಾಲು. ಒಂದರದು ಪೂರ್ತಿ ಚಾರ್ಜ್ ಆದಾಗಿನ ಅಂಕಿ, ಇನ್ನೊಂದರದು ಕೆಲಸದ ವೇಳೆಯ ಸರಾಸರಿ. ಹಾಗೆಯೇ 12 ವೋಲ್ಟ್ ಎಂದರೆ ಮೂರು ಸೆಲ್ಲು, ನಿಜಕ್ಕೂ 10.8. ನೋಡಬೇಕಾದದ್ದು ವ್ಯಾಟ್-ಅವರ್: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 18 ವೋಲ್ಟ್, 2 ಆಂಪಿಯರ್-ಅವರ್ ಆದರೆ 36. ಅದೇ 5 ಆದರೆ 90. ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವಂತೆಯೂ ಇಲ್ಲ, ಏಕೆಂದರೆ ಸಣ್ಣ ಪ್ಯಾಕಿನಲ್ಲಿ ಐದು ಸೆಲ್ಲಿದ್ದರೆ ದೊಡ್ಡದರಲ್ಲಿ ಹತ್ತು. ತೂಕವೂ ಆ ಲೆಕ್ಕದಲ್ಲೇ ಏರುತ್ತದೆ. ಏಣಿಯ ಮೇಲೆ ನಿಂತು ಕತ್ತು ಮೇಲೆತ್ತಿ ಕೆಲಸ ಮಾಡುವಾಗ ಹಿಂಬದಿ ಜಗ್ಗುವ ದೊಡ್ಡ ಬ್ಯಾಟರಿ ಗೆರೆಯನ್ನೇ ವಕ್ರ ಮಾಡುತ್ತದೆ. ಸೀಲಿಂಗ್ ಕೆಲಸಕ್ಕೆ 2 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಇಟ್ಟುಕೊಳ್ಳುವುದು, 5ರ ಒಂದಕ್ಕಿಂತ ಮೇಲು. ಒಂದು ಕೊಯ್ಯುತ್ತಿರಲಿ, ಇನ್ನೊಂದು ಚಾರ್ಜ್ ಆಗುತ್ತಿರಲಿ.

ಅಂಗಡಿಯಲ್ಲಿ ಯಂತ್ರ ಕೈಗೆ ಸಿಕ್ಕಾಗ ಏನು ನೋಡಬೇಕು? ಒಂದು ಅಡಿ ಅಗಲದ ಜಿಪ್ಸಮ್ ಬೋರ್ಡಿನ ತುಂಡು ಜೊತೆಗೆ ಒಯ್ಯಿರಿ. ಯಾವುದೇ ಸೈಟಿನ ಕಸದ ರಾಶಿಯಲ್ಲಿ ಸಿಗುತ್ತದೆ. ಮೊದಲು ಬಿಟ್ ಸಿಕ್ಕಿಸಿ. ಅದನ್ನು ಹಿಡಿದುಕೊಳ್ಳುವ ಕಾಲೆಟ್ಟಿನ ಅಳತೆ ಎರಡು: ಇಂಚಿನ ಎಂಟನೇ ಒಂದು ಮತ್ತು ನಾಲ್ಕನೇ ಒಂದು ಭಾಗ. ಎರಡೂ ಪೆಟ್ಟಿಗೆಯೊಳಗೆ ಬಂದಿವೆಯೇ ಕೇಳಿ, ಯಾಕೆಂದರೆ ಆಮೇಲೆ ಒಂಟಿ ಕಾಲೆಟ್ ಹುಡುಕುವುದು ತಲೆನೋವು. ಬಿಟ್ಟನ್ನು ತಳ ಮುಟ್ಟುವ ತನಕ ತುರುಕದೆ ಒಂದೆರಡು ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ. ಸುರುಳಿ ಹಲ್ಲಿನ ಭಾಗ ಕಾಲೆಟ್ಟಿನೊಳಗೆ ಹೋಗಬಾರದು, ನುಣುಪಾದ ಕಾಂಡ ಮಾತ್ರ ಹಿಡಿತದಲ್ಲಿರಬೇಕು. ಹಲ್ಲಿನ ಮೇಲೆ ಬಿಗಿದ ಬಿಟ್ ಮೊದಲ ತಿರುವಿನಲ್ಲೇ ಮುರಿಯುತ್ತದೆ. ಈಗ ಯಂತ್ರ ಓಡಿಸಿ ಬಿಟ್ಟಿನ ತುದಿ ನೋಡಿ. ಸೂಜಿಯಂತೆ ನಿಂತಿದ್ದರೆ ಸರಿ. ತುದಿ ಮಸುಕಾಗಿ ದಪ್ಪ ಕಂಡರೆ ಕಾಲೆಟ್ ಅಥವಾ ಬೇರಿಂಗ್ ಓಲಾಡುತ್ತಿದೆ, ಆ ಯಂತ್ರ ಬೇಡ.

ಆಮೇಲೆ ಪಾದ. ಬಿಟ್ಟಿನ ಸುತ್ತ ಬೋರ್ಡಿಗೆ ಒತ್ತಿ ಕೂರುವ ಈ ತಟ್ಟೆಯೇ ಆಳವನ್ನು ನಿರ್ಧರಿಸುವುದು. 12.5 ಮಿ.ಮೀ. ಬೋರ್ಡಿಗೆ ಬಿಟ್ ಪಾದದಿಂದಾಚೆ 15ರಿಂದ 16 ಮಿ.ಮೀ. ಇರಬೇಕು, ಹಲಗೆಯ ಹಿಂದೆ ಮೂರು ಮಿ.ಮೀ. ಮಾತ್ರ ಇಣುಕಬೇಕು. ಹಾಗೆ ಹೊಂದಿಸಿ, ತಂದ ತುಂಡಿನಲ್ಲಿ ಗೇಣುದ್ದದ ಹತ್ತು ಗೆರೆ ಕೊಯ್ದು, ಮತ್ತೆ ಸ್ಕೇಲಿಟ್ಟು ಅಳೆಯಿರಿ. 16 ಇದ್ದದ್ದು 18 ಆಗಿದ್ದರೆ ಆ ಲಾಕ್ ನಡುಕಕ್ಕೆ ಜಾರುತ್ತಿದೆ ಎಂದರ್ಥ. ಈ ಒಂದು ಪರೀಕ್ಷೆಯಲ್ಲಿ ಸೋಲುವ ಅಗ್ಗದ ಯಂತ್ರಗಳು ಬಹಳ. ಎರಡು ಮಿ.ಮೀ. ಯಾಕಿಷ್ಟು ದೊಡ್ಡದು ಎಂದರೆ, ಹಲಗೆಯ ಹಿಂದೆಯೇ ವೈರಿನ ಪೈಪು ಒರಗಿಕೊಂಡಿರುತ್ತದೆ. ಬಿಟ್ಟಿಗೆ ಪಿವಿಸಿ ಕೊಯ್ಯುವುದೇನೂ ಕಷ್ಟವಲ್ಲ.

ಸ್ವಿಚ್ಚು ಆರಿಸಿದ ಮೇಲೆ ಬಿಟ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಣಿಸಿ. ಏಣಿಯ ಮೇಲಿಂದ ಇಳಿಸುವಾಗ ಇನ್ನೂ ಸುತ್ತುತ್ತಿದ್ದರೆ ಪ್ಯಾಂಟಿಗೆ ಸುತ್ತಿಕೊಳ್ಳುತ್ತದೆ. ಮೋಟರಿನ ಗಾಳಿ ಯಾವ ಕಡೆಗೆ ಊದುತ್ತದೆ ಅದನ್ನೂ ನೋಡಿ. ಮುಖಕ್ಕೆ ಊದಿದರೆ ಧೂಳೂ ಮುಖಕ್ಕೇ. ಇದು ಕ್ಯಾಟಲಾಗಿನಲ್ಲಿ ಎಲ್ಲೂ ಬರೆದಿರುವುದಿಲ್ಲ.

ಇನ್ನು ಕೊಯ್ಯುವ ಬಗೆ. ಮೊದಲು ಆ ಭಾಗದ ಎಂಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಚಾನಲ್, ಅಂದರೆ ಬೋರ್ಡನ್ನು ಹಿಡಿದಿರುವ ತಗಡಿನ ಪಟ್ಟಿ, ಎಲ್ಲೆಲ್ಲಿದೆ ಎಂದು ಗುರುತು ಹಾಕಬೇಕು. ಅದಕ್ಕೆ ದುಬಾರಿ ಸ್ಕ್ಯಾನರ್ ಬೇಡ, ಬಲವಾದ ಸಣ್ಣ ಆಯಸ್ಕಾಂತ ಸಾಕು. ಸೀಲಿಂಗಿನ ಮೇಲೆ ನಿಧಾನವಾಗಿ ಆಡಿಸಿದರೆ ಪುಟ್ಟಿಯ ಅಡಿಯಲ್ಲಿರುವ ಸ್ಕ್ರೂ ತಲೆಗಳಿಗೆ ಅದು ಅಂಟುತ್ತದೆ. ಸಾಲಾಗಿ ಸುಮಾರು 230 ಮಿ.ಮೀ.ಗೆ ಒಂದರಂತೆ ಸ್ಕ್ರೂ ಸಿಕ್ಕಿದರೆ ಆ ಸಾಲಿನ ಮೇಲೆ ಚಾನಲ್ ಇದೆ. ಸರಿಯಾಗಿ ಕಟ್ಟಿದ ಸೀಲಿಂಗಿನಲ್ಲಿ ಚಾನಲ್ಲುಗಳ ನಡುವೆ 457 ಮಿ.ಮೀ., ಅಂದರೆ ಒಂದೂವರೆ ಅಡಿ; ಪಾರ್ಟಿಷನ್ನಿನ ನಿಲುವು ಪಟ್ಟಿಗಳಿಗೆ 610 ಮಿ.ಮೀ., ಎರಡು ಅಡಿ. ಸರಿಯಾಗಿ ಕಟ್ಟದಿದ್ದರೆ ಎಲ್ಲಿ ಬೇಕಾದರೂ ಇರಬಹುದು, ಆದ್ದರಿಂದ ಲೆಕ್ಕ ನಂಬದೆ ಆಯಸ್ಕಾಂತ ನಂಬಿ. ಲೈಟಿನ ಜಾಗಕ್ಕೇ ಚಾನಲ್ ಬಂದರೆ ಲೈಟನ್ನು ಎರಡು ಇಂಚು ಸರಿಸಿ. ಅರ್ಧ ಮಿ.ಮೀ. ದಪ್ಪದ ತಗಡಲ್ಲವೇ ಎಂದು ಚಾನಲ್ಲನ್ನೇ ಕತ್ತರಿಸಿದರೆ ಆ ಸಾಲಿನ ಬೋರ್ಡ್ ತೂಗಾಡಿ, ಕೆಲವು ತಿಂಗಳಲ್ಲಿ ಜೋಡಣೆಯ ಉದ್ದಕ್ಕೂ ಬಿರುಕು ಕಾಣಿಸುತ್ತದೆ. ಕತ್ತರಿಸದೆ ವಿಧಿಯಿಲ್ಲದಿದ್ದರೆ ತುಂಡಾದ ಎರಡೂ ತುದಿಗೆ ಅಡ್ಡ ಚಾನಲ್ ಕೊಟ್ಟು, ಮೇಲಿನ ಚಾವಣಿಯಿಂದ ಹೊಸ ಹ್ಯಾಂಗರ್ ಇಳಿಸಬೇಕು.

ಗುರುತು ಹಾಕಿದ ಮೇಲೆ ಕಿಂಡಿಯ ನಟ್ಟನಡುವೆ ಚೂರಿಯಿಂದ ಬೆರಳು ಹೋಗುವಷ್ಟು ತೂತು ಮಾಡಿ, ಟಾರ್ಚ್ ಬಿಟ್ಟು ನೋಡಿ. ಎರಡು ಇಂಚಿನ ತೂತಾದರೆ ಮೊಬೈಲಿನ ಕ್ಯಾಮೆರಾವನ್ನೇ ಒಳಗೆ ಇಣುಕಿಸಬಹುದು. ವೈರು, ಎಸಿಯ ತಾಮ್ರದ ಪೈಪು, ನೀರಿಳಿಯುವ ಪೈಪು ಇಲ್ಲವೆಂದಾದ ಮೇಲೆ ಬಿಟ್ ಇಳಿಸಿ. ಯಂತ್ರ ಪೂರ್ತಿ ವೇಗಕ್ಕೆ ಬಂದ ನಂತರವೇ, 45 ಡಿಗ್ರಿ ಓರೆಯಾಗಿ ಚುಚ್ಚಿ, ನಿಧಾನವಾಗಿ ನೆಟ್ಟಗೆ ಮಾಡಿ, ಪಾದ ಬೋರ್ಡಿಗೆ ಸಮನಾಗಿ ಒತ್ತಿಕೊಳ್ಳಲಿ. ಕೈಯಿಂದ ತಳ್ಳುವ ಬಲ ಕಡಿಮೆಯಿರಲಿ. ಬಿಟ್ ಬಾಗಿದಂತೆ ಕಂಡರೆ, ಮೋಟರಿನ ದನಿ ಇಳಿದರೆ, ನೀವು ಅವಸರ ಮಾಡುತ್ತಿದ್ದೀರಿ. ಕಾಗದ ಕಂದಾಗಿ ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ.

ಎಳೆತದ ದಿಕ್ಕೊಂದು ಗೊತ್ತಿರಬೇಕು. ಬಿಟ್ ಬಲಸುತ್ತು ತಿರುಗುವುದರಿಂದ, ನೀವು ಮುಂದೆ ತಳ್ಳುವಾಗ ಅದು ಸದಾ ಎಡಕ್ಕೆ ಜಗ್ಗುತ್ತದೆ. ಆದ್ದರಿಂದ ಒಳಗೆ ಕೂತಿರುವ ಡಬ್ಬಿಯ ಹೊರಗೋಡೆಯನ್ನು ಹಿಡಿದು ಕೊಯ್ಯುವುದಾದರೆ ಅಪ್ರದಕ್ಷಿಣೆಯಾಗಿ ಹೋಗಬೇಕು. ಆಗ ಬಿಟ್ ತಾನಾಗಿಯೇ ಡಬ್ಬಿಗೆ ಒತ್ತಿಕೊಂಡು ಸಾಗುತ್ತದೆ. ಪ್ರದಕ್ಷಿಣೆ ಬಂದರೆ ಡಬ್ಬಿ ಬಿಟ್ಟು ಹೊರಗೆ ಓಡಿ, ಸ್ವಿಚ್ ಪ್ಲೇಟ್ ಮುಚ್ಚಲಾರದಷ್ಟು ದೊಡ್ಡ ಗಾಯ ಮಾಡುತ್ತದೆ. ಈ ಕೆಲಸಕ್ಕೆ ತುದಿಯಲ್ಲಿ ಹಲ್ಲಿಲ್ಲದ, ನುಣುಪು ಮೂತಿಯ ಬಿಟ್ ಬೇಕು. ಮೂತಿಗೂ ಹಲ್ಲಿದ್ದರೆ ಪ್ಲಾಸ್ಟಿಕ್ ಡಬ್ಬಿಯನ್ನೇ ತಿಂದುಹಾಕುತ್ತದೆ. ಡಬ್ಬಿಯೊಳಗಿನ ವೈರುಗಳನ್ನು ಮೊದಲೇ ತಳಕ್ಕೆ ಒತ್ತಿಟ್ಟಿರಬೇಕು. ಡಬ್ಬಿಯ ಹತ್ತಿರದ ಸ್ಕ್ರೂಗಳನ್ನು ಕೊಯ್ಲು ಮುಗಿಯುವ ತನಕ ಬಿಗಿಯಬಾರದು. ಬಿಗಿದರೆ ಉಬ್ಬಿದ ಡಬ್ಬಿಯ ಮೇಲೆ ಬೋರ್ಡ್ ಬಿಲ್ಲಿನಂತೆ ಬಾಗಿ, ಬಿಟ್ ಮುಟ್ಟಿದ ಕ್ಷಣ ಮೂಲೆ ಒಡೆದು ಉದುರುತ್ತದೆ. ಗೆರೆ ಎಳೆದು ಬರಿಗೈಯಲ್ಲಿ ಕೊಯ್ಯುವಾಗ ಗೆರೆಯ ಒಳಗೆ ಎರಡು ಮಿ.ಮೀ. ಬಿಟ್ಟು ಕೊಯ್ದು, ಉಳಿದದ್ದನ್ನು ಚೂರಿಯಿಂದ ಸವರಿದರೆ ಅಂಚು ಒಪ್ಪವಾಗಿರುತ್ತದೆ.

ನಮ್ಮಲ್ಲಿ ಈ ಡಬ್ಬಿ ಹಿಡಿದು ಕೊಯ್ಯುವ ಸಂದರ್ಭವೇ ವಿರಳ ಎಂಬುದನ್ನು ಮರೆಯಬೇಡಿ. ಎಲೆಕ್ಟ್ರಿಷಿಯನ್ ವೈರು ಇಳಿಬಿಟ್ಟು ಹೋಗುತ್ತಾರೆ, ಬೋರ್ಡ್ ಬಂದ ಮೇಲೆ ಕಿಂಡಿ, ಕಿಂಡಿಯ ಮೇಲೆ ಡಬ್ಬಿ. ಗುಂಡಗಿನ ಡೌನ್‌ಲೈಟಿಗಂತೂ ಇರುವ ಡ್ರಿಲ್ಲಿಗೆ ಹೋಲ್-ಸಾ (ಬಾಯಂಚಿಗೆ ಗರಗಸದ ಹಲ್ಲಿರುವ ಬಟ್ಟಲು) ಸಿಕ್ಕಿಸುವುದೇ ಸರಿ. ಲೈಟಿನ ಪೆಟ್ಟಿಗೆಯ ಮೇಲೆ ‘ಕಟ್-ಔಟ್’ ಎಂದು ಮಿ.ಮೀ.ನಲ್ಲಿ ಅಚ್ಚು ಹಾಕಿರುತ್ತಾರೆ. ಲೈಟಿನ ಹೊರ ವ್ಯಾಸ ಅಳೆದು ಕೊರೆದರೆ ಲೈಟೇ ಕೆಳಗೆ ಬೀಳುತ್ತದೆ. ಹೋಲ್-ಸಾ ಕಾಂಡಕ್ಕೆ ಹಳೆಯ ಐಸ್‌ಕ್ರೀಮ್ ಡಬ್ಬಿಯ ತಳ ತೂತು ಮಾಡಿ ಏರಿಸಿ, ಬಾಯಿ ಸೀಲಿಂಗಿಗೆ ಒತ್ತಿ ಹಿಡಿದರೆ ಮುಕ್ಕಾಲು ಧೂಳು ಅದರಲ್ಲೇ.

ಚೌಕ ಕಿಂಡಿಗೆ, ಅದರಲ್ಲೂ ಮೇಲ್ಮನೆಯ ಬಚ್ಚಲು ಸೋರಿಕೆ ಹುಡುಕಲು ಸೀಲಿಂಗ್ ತೆರೆಯುವ ಕೆಲಸಕ್ಕೆ ಮಲ್ಟಿ-ಟೂಲ್ ನಮ್ಮ ಆಯ್ಕೆ. ನಿಧಾನ, ಸದ್ದು ಜಾಸ್ತಿ, ಕೈ ಜೋಮು ಹಿಡಿಯುತ್ತದೆ ನಿಜ. ಆದರೆ ಮೂಲೆ ಮೂಲೆಯಾಗಿಯೇ ಬರುತ್ತದೆ, ಬ್ಲೇಡ್ ಎಲ್ಲಿ ಮುಟ್ಟಿತು ಎಂಬುದು ಬೆರಳಿಗೆ ತಿಳಿಯುತ್ತದೆ, ಚಾನಲ್ ತಗುಲಿದರೆ ಮುರಿದು ಹಾರುವ ಬಿಟ್ ಇಲ್ಲ. ಮನೆಗೆ ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಏಕೆಂದರೆ ಕಿಂಡಿ ಮುಗಿದ ಮೇಲೂ ಬಾಗಿಲಿನ ಅಡಿ ಕೊಯ್ಯಲು, ಟೈಲ್ಸ್ ಸಂದಿನ ಹಳೆಯ ಗ್ರೌಟ್ ಕೆರೆಯಲು, ಪ್ಲೈವುಡ್ಡಿಗೆ ಕಿಂಡಿ ಮಾಡಲು ಬರುತ್ತದೆ. ಬ್ಲೇಡ್ ಹಿಡಿಯುವ ಗುಬ್ಬಿಯ ಆಕಾರ ಮಾತ್ರ ನೋಡಿಕೊಳ್ಳಿ. ಬಾಷ್ ಮತ್ತು ಫೈನ್ 2016ರಲ್ಲಿ ತಂದ ಸ್ಟಾರ್‌ಲಾಕ್ ಎಂಬ ಗುಬ್ಬಿಯಲ್ಲಿ ಮೂರು ದರ್ಜೆ ಇದೆ: ಸಾದಾ ಬ್ಲೇಡ್ ಮೂರೂ ದರ್ಜೆಯ ಯಂತ್ರಗಳಿಗೆ ಕೂರುತ್ತದೆ, ಮೇಲ್ದರ್ಜೆಯ ಮ್ಯಾಕ್ಸ್ ಬ್ಲೇಡ್ ಮ್ಯಾಕ್ಸ್ ಯಂತ್ರಕ್ಕೆ ಮಾತ್ರ. ಬೇರೆ ಕಂಪನಿಗಳದು ಬೇರೆ ಗುಬ್ಬಿ.

ಆದರೆ ಸೈಟುಗಳಲ್ಲಿ ಇವತ್ತಿಗೂ ಹೆಚ್ಚು ಕಾಣುವುದು ನಾಲ್ಕಿಂಚಿನ ಗ್ರೈಂಡರ್. ಅದು ಬೇಡವೆನ್ನಲು ಸಣ್ಣದೊಂದು ಲೆಕ್ಕ ಸಾಕು. 100 ಮಿ.ಮೀ. ಚಕ್ರ 12.5 ಮಿ.ಮೀ. ಬೋರ್ಡಿನ ಹಿಂಬದಿ ತನಕ ಮೂಲೆ ಮುಟ್ಟಬೇಕಾದರೆ ಮುಂಬದಿಯಲ್ಲಿ ಮೂಲೆ ದಾಟಿ 33 ಮಿ.ಮೀ. ಕೊಯ್ದಿರುತ್ತದೆ. ಸ್ವಿಚ್ ಪ್ಲೇಟಿನ ಅಂಚು ಅಷ್ಟನ್ನು ಮುಚ್ಚುವುದಿಲ್ಲ. ಪುಟ್ಟಿ ಬಳಿದು ಮುಚ್ಚುತ್ತಾರೆ, ಬಣ್ಣ ಒಣಗಿದ ಮೇಲೆ ನಾಲ್ಕು ಮೂಲೆಯಿಂದ ನಾಲ್ಕು ಕೂದಲು ಬಿರುಕು. ಜೊತೆಗೆ ಕೋಣೆಯಲ್ಲಿ ಎದುರಿನವರ ಮುಖ ಕಾಣದಷ್ಟು ಧೂಳು.

ಹಾಗಾದರೆ ತಿರುಗುವ ಕಟ್-ಔಟ್ ಟೂಲ್ ಯಾರಿಗೆ? ಕಚೇರಿ, ಅಂಗಡಿ, ಆಸ್ಪತ್ರೆಗಳ ಜಿಪ್ಸಮ್ ಪಾರ್ಟಿಷನ್ ಕಟ್ಟುವ ತಂಡಗಳಿಗೆ ಖಂಡಿತ ಬೇಕು. ಇಡೀ ಮನೆ ನವೀಕರಿಸುವಾಗ ಚೌಕ, ಗುಂಡು, ಎಸಿ ಗ್ರಿಲ್ಲಿನ ಉದ್ದ ಕಿಂಡಿ ಎಲ್ಲ ಸೇರಿ ಮೂವತ್ತು ನಲವತ್ತು ದಾಟುವುದಾದರೂ ಸರಿ. ಹತ್ತರೊಳಗಿನ ಕಿಂಡಿಗೆ ಪೇಪರ್ ಕಟರಿನ ಚೂರಿ, ಚೂಪು ಮೊನೆಯ ಸಣ್ಣ ಕೈಗರಗಸ, ಒಂದು ಹೋಲ್-ಸಾ ಸಾಕು; ಮೂರೂ ಸೇರಿ ಯಂತ್ರದ ಬೆಲೆಯ ಸಣ್ಣ ಪಾಲು. ನೇರ ಗೆರೆಗೆ ಯಾವ ಯಂತ್ರವೂ ಚೂರಿಯನ್ನು ಸೋಲಿಸಲಾರದು: ಮುಂಬದಿಯ ಕಾಗದ ಗೀರಿ, ಮಡಚಿ ಮುರಿದು, ಹಿಂಬದಿಯ ಕಾಗದ ಕೊಯ್ದರೆ ಆಯಿತು, ಧೂಳೇ ಇಲ್ಲ.

ಬೂದು ಬೋರ್ಡಿನ ಮಾತು. ಸಿಮೆಂಟ್ ಫೈಬರ್, ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಗಳಿಗೆ ಜಿಪ್ಸಮ್ಮಿನ ಬಿಟ್ ಬಳಸಿದರೆ ಒಂದು ಗೇಣಿಗೇ ಹಲ್ಲು ಸವೆದು ನುಣ್ಣಗಾಗುತ್ತದೆ. ಕಾರ್ಬೈಡ್ ಹಲ್ಲಿನ ಬಿಟ್ ಅಥವಾ ಬ್ಲೇಡ್ ಬೇಕು. ಇನ್ನೂ ಮುಖ್ಯವಾದದ್ದು, ಸಿಮೆಂಟ್ ಫೈಬರ್ ಹಲಗೆಯ ಧೂಳಿನಲ್ಲಿ ಹರಳು ಸಿಲಿಕಾ ಇರುತ್ತದೆ. ಕಲ್ಲು ಕೆಲಸದವರ ಶ್ವಾಸಕೋಶ ಕೆಡಿಸುವ ಅದೇ ಪದಾರ್ಥ. ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ, ಕನಿಷ್ಠ ಎನ್95 ಮಾಸ್ಕ್ ಬೇಕು. ಹಳೆಯ ಮನೆಗಳ ಕಲ್ನಾರು ಹಲಗೆಯಾದರೆ ಯಾವ ಯಂತ್ರವನ್ನೂ ಮುಟ್ಟಿಸಬೇಡಿ. ಬಿಚ್ಚಿ ಇಡಿಯಾಗಿ ಇಳಿಸಬೇಕು. ಹಳೆಯ ಪಿಒಪಿ ಸೀಲಿಂಗಿನೊಳಗೆ ಕೋಳಿಬಲೆಯ ತಂತಿ ಇರುವುದುಂಟು. ತಿರುಗುವ ಬಿಟ್ ಆ ತಂತಿಗೆ ಸಿಕ್ಕಿಕೊಂಡರೆ ಯಂತ್ರ ಕೈಯಿಂದ ಕಿತ್ತುಕೊಳ್ಳುತ್ತದೆ. ಅಲ್ಲಿಯೂ ಮಲ್ಟಿ-ಟೂಲೇ ಗತಿ. ಗುಲಾಬಿ ಕಾಗದದ ಬೋರ್ಡಿಗೆ ಕಿಂಡಿ ಮಾಡಿದರೆ ಸುತ್ತಲ ಸಂದನ್ನು ಬೆಂಕಿ ತಡೆಯುವ ಸೀಲೆಂಟಿನಿಂದ ತುಂಬಲೇಬೇಕು. ಒಂದೇ ಗೋಡೆಯ ಎರಡು ಬದಿಗೆ ಬೆನ್ನಿಗೆ ಬೆನ್ನು ಹಚ್ಚಿ ಡಬ್ಬಿ ಕೂರಿಸಬಾರದು.

ಜಿಪ್ಸಮ್ ಧೂಳು ಮೈದಾಹಿಟ್ಟಿನಷ್ಟು ನಯ. ಮನೆಯ ವ್ಯಾಕ್ಯೂಮಿನ ಫಿಲ್ಟರನ್ನು ಹತ್ತೇ ನಿಮಿಷದಲ್ಲಿ ಕಟ್ಟಿಹಾಕುತ್ತದೆ, ಆದ್ದರಿಂದ ಒಳಗೆ ಕಾಗದದ ಚೀಲವಿರುವ ವ್ಯಾಕ್ಯೂಮ್ ಬಳಸಿ. ಕೆಲಸಕ್ಕೆ ಮುಂಚೆ ಎಸಿ ನಿಲ್ಲಿಸಿ ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಸೀಲಿಂಗ್ ಕೆಲಸದಲ್ಲಿ ಪುಡಿಯೆಲ್ಲ ಕಣ್ಣಿಗೇ ಬೀಳುವುದು. ದಿನದ ಕೊನೆಗೆ ಯಂತ್ರವನ್ನು ಹೊರಗೆ ಒಯ್ದು ಬ್ಲೋವರಿನಿಂದ ಊದಿ. ಬ್ರಶ್‌ಲೆಸ್ ಮೋಟರಿಗೆ ಕಾರ್ಬನ್ ಬದಲಿಸುವ ಗೊಡವೆ ಇಲ್ಲ ಎಂದು ಅಂಗಡಿಯವರು ಹೇಳುವುದು ನಿಜ. ಬೇರಿಂಗಿಗೆ ಧೂಳು ತಿನ್ನಿಸಿದರೆ ಅದೂ ಸಾಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ನೀರು ಕುಡಿದು ಮೆತ್ತಗಾದ ಬೋರ್ಡನ್ನು ಯಂತ್ರದಿಂದ ಕೊಯ್ಯಬೇಡಿ. ಹಿಟ್ಟು ಕಲಸಿದಂತಾಗಿ ಬಿಟ್ಟಿನ ಸುರುಳಿ ತುಂಬಿಕೊಳ್ಳುತ್ತದೆ. ಅದನ್ನು ಚೂರಿಯಿಂದ ತೆಗೆದು, ಚಾನಲ್ಲಿನ ನಡುಗೆರೆಯ ತನಕ ಒಣ ಭಾಗದಲ್ಲಿ ಕೊಯ್ದು ಹೊಸ ತುಂಡು ಕೂರಿಸಬೇಕು.

ವಿದೇಶದಿಂದ ಬರುವ ಮಕ್ಕಳು, ನೆಂಟರಿಂದ ಈ ಯಂತ್ರ ತರಿಸುವವರಿಗೆ ಒಂದು ಮಾತು. ಅಮೆರಿಕದ ಚಾರ್ಜರ್ 120 ವೋಲ್ಟಿನದು. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಹೊಗೆ ಬರುತ್ತದೆ. ಅದೇ ಕಂಪನಿಯ ಚಾರ್ಜರನ್ನು ಇಲ್ಲೇ ಕೊಳ್ಳುವುದು ಕ್ಷೇಮ, ಆದರೆ ಬ್ಯಾಟರಿ ಜಾರಿಸಿ ಕೂರಿಸುವ ಕಟ್ಟು ಎರಡು ದೇಶದಲ್ಲೂ ಒಂದೇ ಇದೆಯೇ ಮೊದಲು ಖಚಿತಪಡಿಸಿಕೊಳ್ಳಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಬರಬೇಕು, 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 18 ವೋಲ್ಟಿನ 5 ಆಂಪಿಯರ್-ಅವರ್ ಪ್ಯಾಕ್ 90 ಆದ್ದರಿಂದ ಪಾರು, 6ರದು 108 ಆಗಿ ಮೊದಲೇ ಒಪ್ಪಿಗೆ ಪಡೆಯದಿದ್ದರೆ ಸಿಕ್ಕಿಬೀಳುತ್ತದೆ. ಇನ್ನು ಅಲ್ಲಿಂದ ತಂದ ಯಂತ್ರಕ್ಕೆ ಇಲ್ಲಿ ವಾರಂಟಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಇಲ್ಲಿಯೇ ಕೊಳ್ಳುವಾಗ ಪೆಟ್ಟಿಗೆ ತಿರುಗಿಸಿ ಓದಿ. ಆಮದು ಮಾಡಿದವರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ, ದೂರಿನ ಸಂಖ್ಯೆ ಇರಲೇಬೇಕು. 2011ರ ಪೊಟ್ಟಣ ಸರಕಿನ ನಿಯಮ ಅದನ್ನೇ ಹೇಳುವುದು. ಬ್ಯಾಟರಿಯ ಮೇಲೆ ಬಿಐಎಸ್ ಗುರುತು, ಐಎಸ್ 16046 ಸಂಖ್ಯೆ ಇದೆಯೇ ನೋಡಿ. ‘ಎಲ್ಲ ಕಂಪನಿಗೂ ಹೊಂದುತ್ತದೆ’ ಎಂದು ಅರ್ಧ ಬೆಲೆಗೆ ಮಾರುವ ನಕಲಿ ಪ್ಯಾಕುಗಳಲ್ಲಿ ಸೆಲ್ ಎಲ್ಲಿಯದೋ, ಅತಿಯಾದ ಬಿಸಿಗೆ ಕರೆಂಟ್ ಕಡಿಯುವ ಸರ್ಕ್ಯೂಟ್ ಇದೆಯೋ ಇಲ್ಲವೋ, ತಿಳಿಯುವ ದಾರಿಯೇ ಇಲ್ಲ. ಬಿಸಿಯಾದ ಬ್ಯಾಟರಿಯನ್ನು ಆರಿದ ಮೇಲೆ ಚಾರ್ಜಿಗೆ ಹಾಕಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ಸತ್ತ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕುವಂತಿಲ್ಲ, 2022ರ ನಿಯಮದಂತೆ ಅದನ್ನು ಹಿಂಪಡೆಯುವ ಹೊಣೆ ತಯಾರಕರದು, ಆಮದುದಾರರದು. ವಾರಂಟಿ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕಡೆಯದಾಗಿ ನಿಮ್ಮಲ್ಲೊಂದು ಕೋರಿಕೆ. ಉಪಕರಣಗಳ ಪರಿಚಯ ಪ್ರಕಟಿಸುವಾಗ ಯಂತ್ರದ ಬೆಲೆಯ ಪಕ್ಕದಲ್ಲೇ ಒಂದು ಬಿಟ್ಟಿನ ಬೆಲೆ, ಒಂದು ಬಿಡಿ ಬ್ಯಾಟರಿಯ ಬೆಲೆ, ಅವು ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿಯ ಅಂಗಡಿಗಳಲ್ಲಿ ಸಿಗುತ್ತವೆಯೇ ಎಂಬುದನ್ನೂ ಅಚ್ಚು ಮಾಡಿ. ‘ಬೇರ್ ಟೂಲ್’ ಎಂದು ಬರೆದ ಅಗ್ಗದ ಬೆಲೆ ನೋಡಿ ಕೊಂಡು, ಪೆಟ್ಟಿಗೆ ಬಿಚ್ಚಿದಾಗ ಬ್ಯಾಟರಿಯೂ ಇಲ್ಲ ಚಾರ್ಜರೂ ಇಲ್ಲ ಎಂದು ಕಂಗಾಲಾಗುವವರು ಆಗ ಸ್ವಲ್ಪ ಕಡಿಮೆಯಾದಾರು.

ಇತಿ,
ಒಳಾಂಗಣ ಕಾಮಗಾರಿ ಮೇಲ್ವಿಚಾರಕರು,
ಬೆಂಗಳೂರು